ಹಾರುವ ಮುಳ್ಳು

ದಾವಣಗೆರೆಯಲ್ಲಿ ಯಾರ ಮನೆಗೆ ಹೊಸ ಯಂತ್ರ ಬಂದರೂ ಅದನ್ನು ಸುಧಾರಿಸಲು ಮೊದಲು ಹೊರಡುವವನು ಅದರ ಬಗ್ಗೆ ಏನೂ ತಿಳಿಯದವನೇ. ಪಕ್ಕದ ಮನೆಯ ಹತ್ತಿ ಸಾಹುಕಾರರು ಬೊಂಬಾಯಿಯಿಂದ ವಿಲಾಯಿತಿ ರೆಕಾರ್ಡ್ ಪ್ಲೇಯರ್ ತರಿಸಿದಾಗಲೂ ಹಾಗೇ ಆಯಿತು.

ಅದರೊಳಗೆ ತಟ್ಟೆಯೂ ಮುಳ್ಳಿನ ತೋಳೂ ಸ್ಪ್ರಿಂಗುಗಳ ಮೇಲೆ ತೇಲುತ್ತಿದ್ದವು. ನೆಲ ಅದುರಿದರೂ ಹಾಡು ಅದುರಬಾರದೆಂದು. ಮಾಡಿದವನು ಸಾಹುಕಾರರ ಪಡಸಾಲೆ ನೋಡಿರಲಿಲ್ಲ. ಒಳಗೆ ಮನೆಯಾಕೆ ಒನಕೆ ಹಿಡಿದು ಖಾರ ಕುಟ್ಟಿದರೆ ಹೊರಗೆ ಮುಳ್ಳು ಪಲ್ಲವಿಯಿಂದ ಚರಣಕ್ಕೆ ಹಾರುತ್ತಿತ್ತು.

ಸಾಹುಕಾರರು ತಮ್ಮ ಮಗಳನ್ನು ಕೊಟ್ಟಿದ್ದ ಹರಿಹರದ ಬೀಗರು ಇದನ್ನು ಕೇಳಿ ನಕ್ಕರು. "ತಟ್ಟೆಯ ಒಂದು ಬದಿ ಪೂರ್ತಿ ಹಾರದಂಗೆ ಹಾಡಿಸ್ರಿ, ನಾನೂ ಒಂದು ಕೊಳ್ತೀನಿ. ಇಲ್ಲಾಂದ್ರೆ ನನ್ನ ಮುಂದೆ ಇದರ ಸುದ್ದಿ ಎತ್ತಬ್ಯಾಡ್ರಿ."

ಸಾಹುಕಾರರ ಮಾನದ ಪ್ರಶ್ನೆಯಾಯಿತು. ನಾನು ಫಿಸಿಕ್ಸ್ ಓದಿದವನೆಂದು ಪ್ರತಿ ಪ್ರಯೋಗಕ್ಕೂ ಕರೆದರು. ಸಾಕ್ಷಿಗೆ; ಸಲಹೆಗಲ್ಲ.

ಸ್ಪ್ರಿಂಗು

ಸೈಕಲ್ ರಿಪೇರಿಯ ಸಾಹೇಬರನ್ನು ಕರೆಸಿ, ಒಳಗಿನ ಸ್ಪ್ರಿಂಗು ಕಿತ್ತು ಸೈಕಲ್ ಸೀಟಿನ ದಪ್ಪ ಸ್ಪ್ರಿಂಗು ಹಾಕಿಸಿದರು. ಮುಳ್ಳು ಮೊದಲಿಗಿಂತ ಜೋರಾಗಿ ಹಾರಿತು.

"ಯಾಕ್ರೀ ಸಾಹೇಬ್ರೆ?"

"ಸೀಟಿನ ಸ್ಪ್ರಿಂಗು ಭಾರ ಕೇಳ್ತೈತ್ರಿ. ನೀವು ಮ್ಯಾಲೆ ಕೂತು ಹಾಡು ಕೇಳ್ರಿ."

ಹತ್ತಿ

ಹಳೆಯ ಸ್ಪ್ರಿಂಗು ಮರಳಿ ಬಂತು. ಈ ಸಲ ಕೆಳಗೆ ಹತ್ತಿಯ ಮೂಟೆ. ಪ್ಲೇಯರ್ ನಿಧಾನವಾಗಿ ಒಂದು ಕಡೆ ಹೂತು ವಾಲಿತು. ಮುಳ್ಳು ಅಂಚಿನಿಂದ ನಡುವಿಗೆ ಒಂದೇ ಸಲ ಜಾರಿತು. ಶುರುವಾದ ಹಾಡು ಆಗಲೇ ಮುಗಿದಿತ್ತು.

"ಹಾರ್ಲಿಲ್ಲ ನೋಡ್ರಿ!" ಎಂದರು ಸಾಹುಕಾರರು.

"ಹಿಂಗೇ ಇರ್ಲಿ, ಹೊತ್ತು ಉಳೀತೈತೆ" ಎಂದರು ಮನೆಯಾಕೆ.

ತೊಟ್ಟಿಲು

ಕೊನೆಗೆ ಪಡಸಾಲೆಯ ತೊಲೆಗೆ ಮನೆಯ ಹಳೇ ತೊಟ್ಟಿಲು ಕಟ್ಟಿ, ಪ್ಲೇಯರನ್ನು ಅದರಲ್ಲಿಟ್ಟು, ಧೂಳು ಬೀಳದಂತೆ ಸೀರೆ ಹೊದಿಸಿದರು. ನಾನು ಪಕ್ಕದಲ್ಲೇ ಕುಣಿದು ನೋಡಿದೆ. ಮುಳ್ಳು ಹಾರಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಮರುದಿನವೇ ಬೀಗರನ್ನು ಕರೆಸಿದರು. ಒನಕೆಗೆ ರಜೆ. ಹಾಡು ಶುರುವಾಯಿತು. ಅರ್ಧ ಬದಿ ದಾಟಿತು; ಬೀಗರ ಮುಖ ಇಳಿಯಿತು.

ಬೀದಿಯ ಹೆಂಗಸರು ಮಾತ್ರ ತಮ್ಮದೇ ಲೆಕ್ಕ ಹಾಕಿದ್ದರು. ತೊಟ್ಟಿಲು ಕಟ್ಟ್ಯಾರೆ, ಹರಿಹರದ ಬೀಗರು ಬಂದಾರೆ. ಅಂದಮೇಲೆ ಮಗಳು ಹಡೆದಿದ್ದಾಳೆ. ಕುಲಾವಿ, ಸಕ್ಕರೆ ಹಿಡಿದು ದಂಡೇ ಒಳನುಗ್ಗಿತು. ಅಷ್ಟರಲ್ಲಿ ಸೀರೆಯೊಳಗಿಂದ ಗಾಯಕಿ ಮೇಲಿನ ಸ್ವರ ಹಿಡಿದಳು.

"ಅಯ್ಯೋ, ಕೂಸು ಎದ್ದೈತೆ!" ಎಂದು ಮುಂದಿದ್ದ ಅಜ್ಜಿ ತೊಟ್ಟಿಲನ್ನು ಜೋರಾಗಿ ತೂಗಿಯೇಬಿಟ್ಟರು.

ಸಾಹುಕಾರರು "ಬ್ಯಾಡ!" ಎನ್ನುವಷ್ಟರಲ್ಲಿ ಮುಳ್ಳು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಗೀಚಿ ಹೋಗಿತ್ತು.

ಬೀಗರು ಎದ್ದು ನಿಂತರು. ಹೆಂಗಸರು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡು, ಬಹಳ ವಿನಯದಿಂದ ಕೇಳಿದರು:

"ಹಾಡಿನ ಪೆಟ್ಟಿಗೆ ಸುದ್ದಿ ನಾನು ಎತ್ತಂಗಿಲ್ರಿ. ಮೊಮ್ಮಗನಿಗೆ ಹೆಸರೇನಿಟ್ರಿ?"