ಹಿಂದಿನ ಗೇರೂ ನನ್ನ ಬಲಸುತ್ತೂ

ಕುಕ್ಕರಿನ ಸೀಟಿ, ಮಿಕ್ಸರಿನ ಗುಂಡಿ, ಫ್ಯಾನಿನ ಕಂಡೆನ್ಸರ್! ಈ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ನೆಟ್ಟಗೆ ಮಾಡಿದ ಕೈ ಇದು. ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ನೋಡಿದೆ, ಶಿವನನ್ನು ನೆನೆದೆ, ಬಿಚ್ಚಿದೆ. ಇಂಥ ನಾನು ಯಃಕಶ್ಚಿತ್ ಒಂದು ಸೈಕಲ್ಲಿನ ಹಿಂದಿನ ಗೇರಿಗೆ ಹೆದರುವುದುಂಟೆ?

ಸೈಕಲ್ಲು ಮಗಳು ಸಮೃದ್ಧಿಯದು. ಗುಡ್ಡ ಹತ್ತುವ ದಪ್ಪ ಗಾಲಿಯದೇ ಬೇಕೆಂದು ಹಟ ಹಿಡಿದು ಕೊಂಡವಳು, ಸ್ಕೂಟರ್ ಬಂದ ದಿನವೇ ಅದನ್ನು ಮರೆತಳು. ಸದಾಶಿವನಗರದ ಓಣಿಗಳಲ್ಲಿ ಮುಂಜಾನೆ ಅದನ್ನು ತುಳಿಯತೊಡಗಿದವಳು ನಾನು. ಎದುರುಮನೆಯ ಸಾಯಲಿ ತನ್ನ ಹೆಂಗಸರ ಸೈಕಲ್ ಗುಂಪಿಗೆ ನನ್ನನ್ನೂ ಸೇರಿಸಿಕೊಂಡಳು. ಶ್ರಾವಣದ ಒಂದು ಭಾನುವಾರ ಖಾನಾಪುರಕ್ಕೆ ಸವಾರಿ, ಹಾಗೇ ಮುಂದೆ ಅಸೋಗದ ರಾಮಲಿಂಗನ ದರ್ಶನ ಎಂದು ಗೊತ್ತಾಯಿತು. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ: ತುಳಿದುಕೊಂಡೇ ಬರುತ್ತೇನೆ, ತಂದೆ!

ತಂದೆ ಒಪ್ಪಿದ. ಗೇರು ಒಪ್ಪಲಿಲ್ಲ. ಏರು ಹತ್ತಲು ಬೇಕಾದ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರುವುದೇ ಇಲ್ಲ. ಕರಕರ ಎಂದು ಗೊಣಗಿ ಕೆಳಗೇ ಕುಳಿತುಬಿಡುತ್ತದೆ.

“ಅಂಗಡಿಗೆ ಕೊಟ್ಟ ಬಿಡು,” ಎಂದರು ನಮ್ಮವರು. “ಇಲ್ಲಾ ಸುಮ್ಮ ನನ್ನ ಜೋಡಿ ಕಾರಿನ್ಯಾಗ ಬಾ. ಕಾರಿನ್ಯಾಗ ಬಂದವರಿಗೆ ದೇವರು ಬಾಗಲಾ ಹಾಕ್ಕೋತಾನನು?”

“ಗೇರ್ ನಾನ ಸರಿ ಮಾಡತೀನ್ರಿ. ತುಳಕೋತನ ಹೋಗತೀನಿ.”

“ಆತು. ನಾ ಕಾರ್ ತಗೊಂಡು ಹಿಂದ ಬರತೀನಿ. ನಡುವ ನೀ ಕಾರು ಹತ್ತಿದಿ ಅಂದ್ರ ಸೈಕಲ್ ಮಚ್ಛೆದಾಗಿನ ನಮ್ಮ ನಾಗಲಿಂಗಗ. ಅಕ್ಕನ ಮಗ ಪಾಪ, ಕೇಳಿ ಕೇಳಿ ಸಾಕಾಗ್ಯಾನ.”

“ಖರೇ?”

“ಖರೇ!”

ಯುದ್ಧ ಘೋಷಣೆಯಾಯಿತು!

ಗೇರು ಸರಿಪಡಿಸಬೇಕಾದರೆ ಹಿಂದಿನ ಗಾಲಿ ನೆಲ ಬಿಟ್ಟು ತಿರುಗಬೇಕು. ಪಡಸಾಲೆಯ ಜೋಕಾಲಿಯ ಹಲಗೆ ಬಿಚ್ಚಿ, ಅದರ ಸರಪಳಿಗೆ ಸೈಕಲ್ಲನ್ನು ತೂಗಿಹಾಕಿದೆ. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿ ಹೊರಬಂದ ಅತ್ತೆ ಶಿವಬಸವ್ವ ಕಣ್ಣು ಕಿರಿದು ಮಾಡಿದರು.

“ತೊಟ್ಟಲದಾಗ ಯಾರ ಅದಾರವಾ, ಕಾಂತಾ?”

“ಸೈಕಲ್ ರೀ, ಅತ್ತಿ.”

“ಹೆಸರ ಇಟ್ಟೀರೇನು?”

ಪೆಡಲನ್ನು ಕೈಯಿಂದ ತಿರುಗಿಸುವ ಹುದ್ದೆಗೆ ನಮ್ಮವರನ್ನು ನೇಮಿಸಿ ನಾನು ಹಿಂದಿನ ಗಾಲಿಯ ಬುಡದಲ್ಲಿ ಕುಳಿತೆ. ಅಲ್ಲಿ ಒಂದು ಸಣ್ಣ ತೋಳಿದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಅದು ಆಚೆ ಹದ್ದು ಮೀರದಂತೆ ಒಂದು ಸ್ಕ್ರೂ, ಈಚೆ ಹದ್ದು ಮೀರದಂತೆ ಇನ್ನೊಂದು. ಯಾವ ಕಡೆ ತಿರುಗಿಸಬೇಕು? ವಿಡಿಯೋದ ಹುಡುಗ ಅದನ್ನು ಹೇಳುವ ಗಳಿಗೆಗೆ ಸರಿಯಾಗಿ ಹಪ್ಪಳದ ಜಾಹೀರಾತು ಬಂತು! ಇರಲಿ, ಇದನ್ನೂ ಕೇಳಿ ತಿಳಿಯಬೇಕೆ? ಬಲಕ್ಕೆ! ಆರತಿ ಎತ್ತುವುದು ಬಲಕ್ಕೆ, ಪ್ರದಕ್ಷಿಣೆ ಹಾಕುವುದು ಬಲಕ್ಕೆ, ಸೊಸೆ ಮನೆ ತುಂಬುವುದು ಬಲಗಾಲಿಟ್ಟು. ಶುಭಕಾರ್ಯದಲ್ಲಿ ಎಡಕ್ಕೇನು ಕೆಲಸ?

“ಜೋರ್ ತಿರುವ್ರೀ!”

“ಒಂದು ಕೈಯಾಗ ಚಹಾ ಐತೆ.”

“ಚಹಾ ಇಡ್ರಿ!”

ಮೊದಲ ಸ್ಕ್ರೂಗೆ ಬಲಸುತ್ತು. ಎರಡನೆಯದಕ್ಕೂ ಬಲಸುತ್ತು. ಕರಕರ ಕಡಿಮೆಯಾಯಿತು! ಇನ್ನೊಂದು ಸುತ್ತು, ಭಕ್ತಿಯಿಂದ. ಗೇರು ಮೌನವ್ರತಕ್ಕೆ ಕುಳಿತಿತು. ಗೆದ್ದೆನೆಂದು ಗೇರು ಬದಲಿಸಿದರೆ ತೋಳು ಅಲ್ಲಾಡಬೇಕಲ್ಲ! ಆಚೆಗೂ ಇಲ್ಲ, ಈಚೆಗೂ ಇಲ್ಲ. ಎರಡು ಹದ್ದುಗಳನ್ನೂ ಬಿಗಿದು ಬಿಗಿದು ಬಡಪಾಯಿಯನ್ನು ನಟ್ಟನಡುವೆ ಸೆರೆಗೆ ಹಾಕಿದ್ದೆ.

“ಜಗ್ಗಿ ತಿರುವ್ರಿ, ಬಿಡಬೋದು,” ಎಂದೆ. ನಮ್ಮವರು ಜಗ್ಗಿ ತಿರುಗಿಸಿದರು. ಗೇರು ಬಿಡಲಿಲ್ಲ, ಚೈನು ಮಾತ್ರ ಅವರ ಪಂಚೆಯ ಅಂಚು ಹಿಡಿಯಿತು! ಪೆಡಲಿನ ಹಲ್ಲುಚಕ್ರ ಅರ್ಧ ಪಂಚೆಯನ್ನು ನುಂಗಿದ ಮೇಲೆಯೇ ನಿಂತಿದ್ದು.

“ಕತ್ತರಿ ತಾ!” ಎಂದು ಕೂಗಿದರು.

“ಚೈನ್ ಕತ್ತರೀಲೇ ಕಡಿಯೂದಿಲ್ರೀ.”

“ಪಂಚೆ ಕತ್ತರಸಾಕವಾ, ತಾಯಿ!”

ಅತ್ತೆ ಮುಖ ಆಚೆ ತಿರುಗಿಸಿದರು. “ಶಶಿಧರಾ, ಇನ್ನ ಮ್ಯಾಲೆ ಪ್ಯಾಂಟ್ ಹಾಕ್ಕೊಂಡು ಸಂಸಾರ ಮಾಡಪಾ.”

ಸೋಮವಾರ ಕಪಿಲೇಶ್ವರನ ಗುಡಿಗೆ ಹೋದೆ. ಗರ್ಭಗುಡಿಯ ಸುತ್ತ ಬಲಕ್ಕೆ ನಡೆಯುತ್ತ “ಅಪ್ಪಾ, ಸೈಕಲ್ ನಾಗಲಿಂಗನ ಪಾಲಾಗದಿರಲಿ” ಎಂದು ಬೇಡುತ್ತಿದ್ದೆ. ಅಭಿಷೇಕದ ನೀರು ಹರಿಯುವ ಜಾಗ ಬಂತು. ಶಿವನ ಗುಡಿಯಲ್ಲಿ ಅದನ್ನು ದಾಟುವಂತಿಲ್ಲ. ಅಲ್ಲೇ ನಿಂತು ಬಂದ ದಾರಿಯಲ್ಲೇ ತಿರುಗಬೇಕು. ಹುಟ್ಟಿದಾಗಿನಿಂದ ಹಾಗೇ ತಿರುಗಿದ್ದೇನೆ. ಅವತ್ತೂ ತಿರುಗಿದೆ. ಎಡಕ್ಕೆ! ಅಯ್ಯೋ ನನ್ನ ಬುದ್ಧಿಯೇ, ಹದ್ದು ಬಂದಲ್ಲಿ ಎಡಕ್ಕೆ ಬಾ ಎಂದು ಸಾಕ್ಷಾತ್ ಶಿವನೇ ನಿಯಮ ಮಾಡಿಟ್ಟಿರುವಾಗ ಆ ಚೋಟುದ್ದದ ಸ್ಕ್ರೂಗೆಂಥ ಮಡಿ?

ಓಡಿ ಬಂದು ಸೈಕಲ್ಲನ್ನು ಮತ್ತೆ ತೊಟ್ಟಿಲಿಗೆ ಏರಿಸಿದೆ. ನಮ್ಮವರು ಪ್ಯಾಂಟು ಹಾಕಿಕೊಂಡು, ಅದರ ಕಾಲು ಮಡಚಿಕೊಂಡು ಬಂದರು. ಸ್ಕ್ರೂಗಳನ್ನು ಎಡಕ್ಕೆ ಸಡಿಲಿಸಿದೆ, ತೋಳು ಉಸಿರಾಡಿತು. ಆಮೇಲೆ ಆ ತೋಳನ್ನು ಎಳೆಯುವ ತಂತಿಯ ತಿರುಪನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ ಕಿವಿಯಿಟ್ಟು ಕೇಳಿದೆ. ಇಷ್ಟು ವರ್ಷ ಗಂಡನ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದವಳಿಗೆ ಚೈನಿನ ಗೊಣಗಾಟ ಯಾವ ಲೆಕ್ಕ? ಕರಕರ… ಕರ್… ಸುಂಯ್! ಟಕ್, ಟಕ್ ಎಂದು ಚೈನು ಒಂದೊಂದೇ ಮೆಟ್ಟಿಲು ಹತ್ತಿ ದೊಡ್ಡ ಚಕ್ರದ ಮೇಲೆ ಪಟ್ಟಕ್ಕೇರಿತು. ಆನಂದಕ್ಕೆ ಕಣ್ಣೀರು ಬಂತು! ಚೈನನ್ನು ಜೋಪಾನವಾಗಿ ನಡುವಿನ ಚಕ್ರಕ್ಕೆ ಇಳಿಸಿ, ಸೈಕಲ್ಲಿಗೆ ಕುಂಕುಮ ಹಚ್ಚಿದೆ.

ಭಾನುವಾರ ಬಂತು. ಮುಂದೆ ಹೆಂಗಸರ ಸೈಕಲ್ ದಂಡು, ಹಿಂದೆ ನಮ್ಮವರ ಕಾರು. ಮಚ್ಛೆ ದಾಟುವ ತನಕ ನಾನೇ ಮುಂದೆ! ಚೈನು ಒಂದು ಚೂರೂ ಸದ್ದು ಮಾಡಲಿಲ್ಲ. ಆಮೇಲೆ ಏರು ಶುರುವಾಯಿತು. ಟಕ್ ಟಕ್ ಎನ್ನುತ್ತ ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು.

“ವೈನಿ, ಗೇರ್ ಹಾಕ್ರೀ!” ಎಂದು ಕೂಗಿದಳು ಸಾಯಲಿ.

“ಚಲೋ ಐತೆವಾ!” ಎಂದೆ, ಉಸಿರು ಸಿಕ್ಕಷ್ಟರಲ್ಲಿ.

ತೊಡೆ ಕೊಳ್ಳಿಯಾಯಿತು. ಒಂದು ತುಳಿತಕ್ಕೆ ಓಂ, ಇನ್ನೊಂದಕ್ಕೆ ನಮಃ, ಮೂರನೆಯದಕ್ಕೆ ಶಿವಾಯ. ಕಾರು ಪಕ್ಕಕ್ಕೆ ಬಂತು, ಬಾಗಿಲು ತೆರೆಯಿತು. ಒಳಗಿನಿಂದ ಏಸಿಯ ತಂಪು ಗಾಳಿ!

“ಸಾಕ ಬಾ, ಕುಂದರ. ನಾಗಲಿಂಗಗ ಫೋನ್ ಹಚ್ಚಲ್ಯಾ?”

“ಬಾಗಲಾ… ಹಾಕ್ಕೋರೀ!”

ಖಾನಾಪುರ ಬಂತು. ಅಸೋಗವೂ ಬಂತು. ನಾನು ಎಲ್ಲರಿಗಿಂತ ಹಿಂದೆ, ನಾಲಿಗೆ ಎಲ್ಲರಿಗಿಂತ ಮುಂದೆ, ಆದರೂ ತುಳಿದುಕೊಂಡೇ ಬಂದೆ! ಮಲಪ್ರಭೆಯಲ್ಲಿ ಕಾಲು ತೊಳೆದು ರಾಮಲಿಂಗನಿಗೆ ಅಡ್ಡಬಿದ್ದೆ. ನಮ್ಮವರು ಸೋಲೊಪ್ಪಿಕೊಂಡು, ಸೈಕಲ್ ಹತ್ತಿ ಗುಡಿಯ ಹೊರಗೆ ಒಂದು ಸುತ್ತು ಹೊಡೆದರು. ಟಕ್, ಟಕ್, ಟಕ್.

“ಮಸ್ತ್ ಕೂಡಿಸೀ ಬಿಡು! ಎಲ್ಲಾ ಗೇರ್ ಬೆಣ್ಣಿ ಹಂಗ ಬೀಳತಾವ. ಮತ್ತ ಆ ಏರಿನ್ಯಾಗ ಯಾಕ ಹಂಗ ಏದುಸಿರು ಬಿಡಾಕತ್ತಿದ್ದಿ? ಯಾವ ಗೇರಿನ್ಯಾಗ ಇದ್ದಿ?”

ನಾನು ದುಪಟ್ಟಾ ಸರಿಮಾಡಿಕೊಂಡೆ. ಸಾಯಲಿಯೂ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಡುವಿಂದರಾಗ.”

“ಮನೀಯಿಂದ ಇಲ್ಲೀತನಕಾ?”

“ಅಷ್ಟ ಕಷ್ಟಪಟ್ಟು ಕೂಡಿಸೇನ್ರಿ. ಮುಟ್ಟಿದ್ರ ಮತ್ತ ಎಲ್ಲಿ ಕೆಡತೈತೋ ಅಂತ…”

ನಮ್ಮವರು ಸೈಕಲ್ಲಿನಿಂದ ಇಳಿದು, ಅದನ್ನು ಎರಡೂ ಕೈಯಿಂದ ನನಗೆ ಒಪ್ಪಿಸಿದರು.

“ಸೈಕಲ್ ನಿಂದ. ಗೆದ್ದಿ. ಗೇರ್ ಅಷ್ಟ ಬಿಚ್ಚಿ ನಾಗಲಿಂಗಗ ಕೊಟ್ಟ ಬಿಡೂಣು. ಹೆಂಗೂ ನಿನಗ ಬೇಕಾಗಿಲ್ಲ!”