ಖಳನಾಯಕರಿಗೂ ಒಂದು ಅವಕಾಶ ಕೊಡಿ

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ಸಾಮಾನು ತಗೊಂಡು ಹೋಗುತ್ತಾರೆ. ನನ್ನ ಅಂಗಡಿಗೆ ಬಂದವರು ಕೂತುಬಿಡುತ್ತಿದ್ದರು. ಕೂತಮೇಲೆ ಏನಾದರೊಂದು ಆಗದೆ ಎದ್ದು ಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ ನಾನು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದೆ. ಕಾದಂಬರಿ, ಪತ್ತೇದಾರಿ, ವಾರಪತ್ರಿಕೆ ಎಲ್ಲ ಇದ್ದವು. ಆದರೆ ಜನ ಮುಗಿಬೀಳುತ್ತಿದ್ದದ್ದು ನಾನು ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಿಂದ ಹೊತ್ತು ತರುತ್ತಿದ್ದ ಇಂಗ್ಲಿಷ್ ಕಾಮಿಕ್ಸಿಗೆ. ಬಂದವರಿಗೆ ಇಂಗ್ಲಿಷ್ ಬಾರದು. ನನಗೆ ಬರುತ್ತದೆ ಅಂತ ಅವರು ನಂಬಿದ್ದರು. ಆ ನಂಬಿಕೆ ಕೆಡಬಾರದು ಅಂತ ನಾನು ಚಿತ್ರ ನೋಡಿಕೊಂಡು ಕಥೆ ಕಟ್ಟಿ ಹೇಳುತ್ತಿದ್ದೆ.

ಹೇಳುತ್ತಾ ಹೇಳುತ್ತಾ ನನಗೊಂದು ವಿಷಯ ಮನದಟ್ಟಾಯಿತು. ಈ ಹೀರೋ ಅನ್ನುವವನಿಗೆ ಯಾವ ಕಷ್ಟವೂ ಇಲ್ಲ. ಹುಟ್ಟುವಾಗಲೇ ಶಕ್ತಿ ತಂದುಕೊಂಡಿರುತ್ತಾನೆ. ಹಾರುತ್ತಾನೆ, ಗುದ್ದುತ್ತಾನೆ, ಮನೆಗೆ ಹೋಗುತ್ತಾನೆ. ಖಳನಾಯಕನ ಪಾಡು ಹಾಗಲ್ಲ. ಗುಹೆ ಹುಡುಕಬೇಕು, ಯಂತ್ರ ಕಟ್ಟಬೇಕು, ನಲವತ್ತು ಜನ ಶಿಷ್ಯರಿಗೆ ಒಂದೇ ಬಣ್ಣದ ಬಟ್ಟೆ ಹೊಲಿಸಬೇಕು. ಅವರೆಲ್ಲ ಒಂದೇ ಗುದ್ದಿಗೆ ಉರುಳಿಬಿದ್ದರೂ ಬೇಜಾರು ಮಾಡಿಕೊಳ್ಳದೆ ಮುಂದಿನ ಸಂಚಿಕೆಗೆ ಹೊಸಬರನ್ನು ಸೇರಿಸಿಕೊಳ್ಳಬೇಕು. ಸಿನಿಮಾ ತೆಗೆದರೆ ಇಂಥವನ ಮೇಲೆ ತೆಗೆಯಬೇಕು ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ.

ಈ ಮಾತನ್ನು ಪೂರ್ತಿ ಒಪ್ಪಿದವರು ಅಜ್ಜಂಪುರದ ಹೈಸ್ಕೂಲಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ರೈಲು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದರು. ಬಹಳ ಸಾಧು ಮನುಷ್ಯ. ಲೆಕ್ಕದ ಮೇಷ್ಟ್ರು ಇವರ ಪೀರಿಯಡ್ಡು ಕೇಳಿದರೆ "ತಗೊಳ್ಳಿ ಸಾರ್" ಅಂತ ಬಣ್ಣದ ಸೀಮೆಸುಣ್ಣ ಸಮೇತ ಕೊಟ್ಟುಬಿಡುತ್ತಿದ್ದರು. ಒಂದು ದಿನ ಪುಸ್ತಕ ಮಡಿಚಿ ಹೇಳಿದರು:

"ಇಷ್ಟು ವರ್ಷ ಸರ್ವೀಸಾಯ್ತು ಕಣ್ರೀ. ಒಬ್ಬ ಹುಡುಗನೂ ನನಗೆ ಹೆದರ್ಲಿಲ್ಲ. ಒಂದೇ ಒಂದ್ಸಲ ನಾನು ಖಳನಾಯಕ ಆಗ್ಬೇಕು. ನನ್ನ ನೋಡಿ ಯಾರಾದ್ರೂ ಒಬ್ರು ಅಯ್ಯೋ ಅನ್ಬೇಕು."

ಮಾಡಿಸೇ ಮಾಡಿಸ್ತೀನಿ ಅಂತ ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲು ಹತ್ತು ವರ್ಷ ಹಿಡಿಯಿತು. ಅಲ್ಲಿಗೆ ಹೋಗುವ ಮುಂಚೆ ಖಳನಾಯಕರ ಇನ್ನಿಬ್ಬರು ಅಭಿಮಾನಿಗಳ ವಿಷಯ ಹೇಳಿಬಿಡುತ್ತೇನೆ.

ಮಳೆಯ ಯಂತ್ರ

ಹಿರೇನಲ್ಲೂರು ಕಡೆಯ ಒಬ್ಬ ಗೌಡರು ಸೋಮವಾರದ ಸಂತೆಗೆ ಬಂದವರು ಬಸ್ಸು ಬರುವತನಕ ನನ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಒಂದು ವಾರ ಅವರಿಗೆ ಒಬ್ಬ ದುಷ್ಟ ವಿಜ್ಞಾನಿಯ ಕಥೆ ಹೇಳಿದೆ. ಅವನು ಬೆಟ್ಟದ ತುದಿಯಲ್ಲಿ ಒಂದು ಯಂತ್ರ ಇಟ್ಟುಕೊಂಡು, ಗುಂಡಿ ಒತ್ತಿ, ಬೇಕೆಂದಾಗ ಮೋಡ ಕರೆಸಿ, ಬೇಕೆಂದ ಕಡೆ ಮಳೆ ಸುರಿಸುತ್ತಾನೆ.

ಗೌಡರು ನೆಟ್ಟಗೆ ಕೂತರು. "ಗುಂಡಿ ಒತ್ತಿದ್ರೆ ಮಳೆ ಬತ್ತದಾ?"

"ಬತ್ತದೆ. ಇಡೀ ಪಟ್ಟಣ ಮುಳುಗಿಸ್ತೀನಿ ಅಂತಾನೆ."

"ಪಟ್ಟಣ ಬಿಡಿ. ಅವ್ನು ಸಿಕ್ಕಿದ್ನಾ, ತಪ್ಪಿಸ್ಕೊಂಡ್ನಾ?"

ಹೀರೋ ಹಾರಿಬಂದು ಯಂತ್ರ ಪುಡಿಮಾಡಿ ವಿಜ್ಞಾನಿಯನ್ನು ಜೈಲಿಗೆ ಹಾಕಿಸಿದ ಅಂತ ಕೊನೆಯ ಪುಟ ತೋರಿಸಿದೆ. ಗೌಡರ ಮುಖ ಕೆಂಪಾಯಿತು. "ಮಳೆ ತರ್ಸೋನ್ನ ಹಿಡ್ದು ಜೈಲಿಗೆ ಹಾಕ್ತಾರಾ? ಇದ್ಯಾವ ಸೀಮೆ ನ್ಯಾಯ? ಬುಕ್ಕಾಂಬುಧಿ ಕೆರೆ ತುಂಬ್ಸಕ್ಕೆ ಇಂಥೋನು ಒಬ್ಬ ಇದ್ದಿದ್ರೆ ನಾವು ಅಡ್ಡಪಲ್ಲಕ್ಕಿ ಮಾಡಿಸ್ತಿದ್ವಿ."

ಬಸ್ಸು ಬಂತು, ಹೋದರು. ಮುಂದಿನ ಸೋಮವಾರ ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಆ ಯಂತ್ರ ರಿಪೇರಿ ಆಯ್ತಾ?"

ಪ್ರಪಂಚದ ಖಾತೆ

ಮಂಗಳವಾರ ನಾನು ತರೀಕೆರೆಗೆ ಪುಸ್ತಕದ ಚೀಲ ಹೊತ್ತು ಹೋಗುತ್ತಿದ್ದೆ. ಅಲ್ಲಿ ಕೆಲಸದಿಂದ ಬಿಡುಗಡೆಯಾಗಿ ಮನೆಯಲ್ಲಿದ್ದ ಒಬ್ಬ ಶಾನುಭೋಗರಿದ್ದರು. ಜೀವನವಿಡೀ ಹೊಲಗದ್ದೆಯ ದಾಖಲೆ ಬರೆದವರು. ಕಾಮಿಕ್ಸನ್ನೂ ಪಹಣಿ ನೋಡುವ ಹಾಗೆ ಬೆರಳಿಟ್ಟು ನೋಡುತ್ತಿದ್ದರು.

"ಇವನು ಯಾರಪ್ಪಾ, ಪುಟಪುಟಕ್ಕೂ ಕೈ ಎತ್ತಿಕೊಂಡು ನಿಂತಿದಾನೆ?"

"ಖಳನಾಯಕ ಸ್ವಾಮಿ. ನಾಳೆಯಿಂದ ಇಡೀ ಪ್ರಪಂಚ ನನ್ನದು ಅಂತಿದಾನೆ."

ಶಾನುಭೋಗರು ಕನ್ನಡಕ ತೆಗೆದರು. "ನಾಳೆಯಿಂದಲೇ ಅಂದ್ರೆ ಹೇಗೆ? ನಮ್ಮ ಭಾವನ ಮೂರು ಗುಂಟೆ ಖಾತೆ ಬದಲಾಗಕ್ಕೆ ಹನ್ನೊಂದು ವರ್ಷ ಆಯ್ತು. ಆದ್ರೂ ಧೈರ್ಯ ಮೆಚ್ಚಬೇಕು. ಇಂಥ ಹುಡುಗನಿಗೆ ತಿಳುವಳಿಕೆ ಹೇಳೋರಿಲ್ಲ, ಅದಕ್ಕೇ ಪ್ರತಿಸಲ ಸೋಲ್ತಾನೆ. ಪುಸ್ತಕ ಇಲ್ಲಿ ಬಿಟ್ಟು ಹೋಗು."

ಮುಂದಿನ ಮಂಗಳವಾರ ಪುಸ್ತಕ ವಾಪಸ್ ಕೊಟ್ಟರು. ಒಳಗೆ ಮಡಿಚಿಟ್ಟ ಒಂದು ಅರ್ಜಿ ಇತ್ತು. ಮುತ್ತು ಪೋಣಿಸಿದಂಥ ಅಕ್ಷರ. ಅಮಲ್ದಾರರ ಸನ್ನಿಧಾನಕ್ಕೆ, ಪ್ರಪಂಚವೆಂಬ ಸದರಿ ಸ್ವತ್ತನ್ನು ಖಳನಾಯಕನ ಹೆಸರಿಗೆ ಖಾತೆ ಮಾಡಿಕೊಡಬೇಕಾಗಿ ವಿನಂತಿ. ಕೆಳಗೆ ಕ್ರಮವಾಗಿ ಚಕ್ಕುಬಂದಿಯನ್ನೂ ಬರೆದಿದ್ದರು. ಪೂರ್ವಕ್ಕೆ ಸೂರ್ಯ, ಪಶ್ಚಿಮಕ್ಕೆ ಚಂದ್ರ, ಉತ್ತರಕ್ಕೆ ನಕ್ಷತ್ರಗಳು, ದಕ್ಷಿಣಕ್ಕೆ ಸರ್ಕಾರಿ ಖರಾಬು.

ಬಹುವಚನದ ದುಷ್ಟ

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತರೀಕೆರೆಯ ಫೋಟೋ ಸ್ಟುಡಿಯೋದವನೊಬ್ಬ ಮದುವೆಗಳಿಗೆ ಅಂತ ಹೊಸ ವಿಡಿಯೋ ಕ್ಯಾಮೆರಾ ತಂದಿದ್ದ. ಆಷಾಢ ಬಂತು. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲವಾದ್ದರಿಂದ ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕೂತಿತ್ತು. ನಾನು ಹೋಗಿ ಅವನ ಕೈ ಹಿಡಿದೆ. ನಾವೇ ಒಂದು ಸಿನಿಮಾ ತೆಗೆಯೋಣ, ಹೀರೋ ಒಬ್ಬ ಇರಲಿ, ಆದರೆ ಹೆಚ್ಚುಗಾರಿಕೆಯೆಲ್ಲ ಖಳನಾಯಕನದು ಅಂದೆ. ಅವನೂ ಕೈಕಟ್ಟಿ ಕೂತು ಬೇಸತ್ತಿದ್ದ, ಒಪ್ಪಿಕೊಂಡ.

ಹೀರೋ ಆಗಿ ಸಿಕ್ಕಿದವನು ಕಡೂರಿನ ಒಬ್ಬ ಗುಮಾಸ್ತ. ಗರಡಿಗೆ ಹೋಗುತ್ತಿದ್ದ, ಒಳ್ಳೇ ಮೈಕಟ್ಟು. ಖಳನಾಯಕ, ಹೇಳಬೇಕಾಗಿಲ್ಲ, ನಮ್ಮ ಮೇಷ್ಟ್ರು. ಹಳೇ ಛತ್ರಿಗಳ ಕರಿಬಟ್ಟೆ ಜೋಡಿಸಿ ತಾವೇ ಮೇಲಂಗಿ ಹೊಲಿದುಕೊಂಡಿದ್ದರು. ರಟ್ಟಿನ ಮೇಲೆ ಒಂದು ಮುಖವಾಡ ಬರೆದಿದ್ದರು. ಕೋರೆಹಲ್ಲು, ಕೆಂಡದ ಕಣ್ಣು, ಜೀವ ಬಂದ ಹಾಗಿತ್ತು. ಇಂಥ ಕೈಯಿರುವ ಮನುಷ್ಯ ಇಷ್ಟು ವರ್ಷ ಹುಡುಗರಿಗೆ ಮಾವಿನಕಾಯಿ ಬರೆಸಿಕೊಂಡು ಕೂತಿದ್ದಾರಲ್ಲ ಅಂತ ಹೊಟ್ಟೆ ಉರಿಯಿತು.

ನನ್ನ ಅಂಗಡಿಯಲ್ಲೇ ತಾಲೀಮು ಶುರುವಾಯಿತು. "ಲೋ ನೀಚ, ನಿನ್ನನ್ನು ಸರ್ವನಾಶ ಮಾಡುತ್ತೇನೆ" ಅನ್ನುವುದು ಮೊದಲ ಮಾತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಕೈ ಎತ್ತಿದರು, ಹೀರೋನ ಮುಖ ನೋಡಿದರು.

"ನಿಮ್ಮನ್ನ ಸರ್ವನಾಶ ಮಾಡ್ತೀನಿ ಕಣ್ರೀ."

ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ಬಹುವಚನ. ನನಗೂ ತಾಳ್ಮೆ ಕೆಟ್ಟಿತು. "ಮೇಷ್ಟ್ರೇ, ಖಳನಾಯಕ ಯಾರಾದ್ರೂ ಹೀಗೆ ಮಾತಾಡ್ತಾನಾ? ಏಕವಚನದಲ್ಲಿ ಬೈರಿ."

ಮೇಷ್ಟ್ರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ಹೆಂಗೆ ಬೈಯೋದು? ಅವ್ರ ಮನೆಗೆ ನಮ್ಮ ತಂಗೀನ ಕೊಟ್ಟಿದೀವಿ."

ಎಂಟು ಡಿಸೈನು

ನನ್ನ ಅಂಗಡಿಯಲ್ಲಿ ತೆಗೆದ ಮೊದಲ ದೃಶ್ಯವನ್ನು ನೋಡಲು ಸ್ಟುಡಿಯೋಗೆ ಹೋದೆವು. ವಿಡಿಯೋದವನ ಯಂತ್ರದಲ್ಲಿ ಚಿತ್ರಕ್ಕೆ ಅಲಂಕಾರ ಮಾಡುವ ಎಂಟು ಡಿಸೈನುಗಳಿದ್ದವು. ಎಂಟೂ ಮದುವೆಯವು. ಒಂದನ್ನೂ ಬಿಟ್ಟಿರಲಿಲ್ಲ.

ಟೀವಿಯಲ್ಲಿ ಖಳನಾಯಕ ಬಂದ. ಸುತ್ತ ಗುಲಾಬಿ ಹೂವಿನ ಚೌಕಟ್ಟು. ಹೀರೋ ಬಂದ. ಇಬ್ಬರೂ ಗುರಾಯಿಸಿ ನೋಡುವ ಹೊತ್ತಿಗೆ ಮೇಲಿನಿಂದ ಅಕ್ಷತೆ ಬಿದ್ದ ಹಾಗೆ ಹಳದಿ ಚುಕ್ಕಿ ಉದುರಿತು. ಮೂಲೆಯಲ್ಲಿ ಒಂದು ಕಳಶ ತಿರುಗಿತು. ಮೇಷ್ಟ್ರು ಮುಖವಾಡದೊಳಗಿಂದ "ಸರ್ವನಾಶ" ಅನ್ನುವಾಗ ಹಿಂದೆ ವಾಲಗ ಕೇಳುತ್ತಿತ್ತು.

"ಚೆನ್ನಾಗಿ ಬಂದೈತಲ್ವಾ?" ಅಂತ ವಿಡಿಯೋದವನು ಕೇಳಿದಾಗ ಮೇಷ್ಟ್ರು "ಶ್ರಮ ಪಟ್ಟಿದೀರ" ಅಂದರು, ಅಷ್ಟೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಿಡಿಯೋದವನ ತಾಯಿ ಮಾತ್ರ ಒಳಗೆ ಬಂದು ಮಗನ ಭುಜ ಮುಟ್ಟಿದರು.

"ಇದು ಯಾರ ಮದ್ವೆದು ಕಣೋ? ಗಂಡಿನ ಕಡೆಯೋರು ಇಷ್ಟು ಸಿಟ್ಟಾಗವ್ರೆ, ಊಟ ಸರಿಯಾಗ್ಲಿಲ್ವಾ?"

ಕೆರೆಯ ಮೆಟ್ಟಿಲು

ಉಳಿದದ್ದು ಕೊನೆಯ ದೃಶ್ಯ. ಹೀರೋ ಖಳನಾಯಕನನ್ನು ನೀರಿಗೆ ತಳ್ಳಬೇಕು, ಖಳನಾಯಕ ಮುಳುಗಬೇಕು, ಕಥೆ ಮುಗಿಯಬೇಕು. ಒಂದು ಬೆಳಿಗ್ಗೆ ಎಲ್ಲರೂ ಅಜ್ಜಂಪುರದ ಹತ್ತಿರದ ಬುಕ್ಕಾಂಬುಧಿ ಕೆರೆಗೆ ಹೋದೆವು. ಮೆಟ್ಟಿಲ ಹತ್ತಿರ ನೀರು ಸೊಂಟದ ಮಟ್ಟ, ಅಪಾಯವೇನಿರಲಿಲ್ಲ. ಆಚೆ ಕಡೆ ಕಲ್ಲಿನ ಮೇಲೆ ಐದಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಿಗೆ ಮೊದಲೇ ಹೇಳಿಬಿಡಬೇಕಾಗಿತ್ತು. ಯಾರಿಗೂ ಹೊಳೆಯಲಿಲ್ಲ.

ಮೇಷ್ಟ್ರು ಮುಖವಾಡ ಕಟ್ಟಿಕೊಳ್ಳುವ ಮುಂಚೆ ನನ್ನ ಕೈ ಹಿಡಿದುಕೊಂಡರು. "ಇದೇ ಕೊನೆ ಅವಕಾಶ ಕಣ್ರೀ. ಇವತ್ತಾದ್ರೂ ಯಾರಾದ್ರೂ ಹೆದರ್ತಾರಾ?"

"ಹೆದರ್ತಾರೆ ಮೇಷ್ಟ್ರೇ. ತಂಗೀನ ಒಂದು ಗಳಿಗೆ ಮರೆತುಬಿಡಿ."

ಕ್ಯಾಮೆರಾ ಓಡಿತು. ಮೇಷ್ಟ್ರು ಏರಿಯ ಮೇಲಿಂದ ಇಳಿದು ಬಂದರು. ಕರಿ ಮೇಲಂಗಿ ಗಾಳಿಗೆ ಹಾರುತ್ತಿತ್ತು. ಮೆಟ್ಟಿಲ ಮೇಲೆ ನಿಂತರು, ಎರಡೂ ಕೈ ಎತ್ತಿದರು.

"ಲೇ!"

ಒಂದೇ ಅಕ್ಷರ. ಇಷ್ಟು ವರ್ಷ ಲೆಕ್ಕದ ಮೇಷ್ಟ್ರಿಗೆ ಬಿಟ್ಟುಕೊಟ್ಟ ಪೀರಿಯಡ್ಡುಗಳೆಲ್ಲ ಆ ಕೂಗಿನಲ್ಲಿದ್ದವು. "ಲೇ ನೀಚ, ನಿನ್ನ ಸರ್ವನಾಶ ಮಾಡ್ತೀನಿ ಕಣೋ!" ಹೀರೋ ನಿಜವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ. ನಾನು ಓದಿದ ಯಾವ ಪುಸ್ತಕದಲ್ಲೂ ಅಂಥ ಖಳನಾಯಕನನ್ನು ಕಂಡಿರಲಿಲ್ಲ.

ಹೀರೋ ಸುಧಾರಿಸಿಕೊಂಡು ಬಂದು ತಳ್ಳಿದ. ಮೇಷ್ಟ್ರು ದೊಪ್ಪನೆ ನೀರಿಗೆ ಬಿದ್ದರು. ರಟ್ಟಿನ ಮುಖವಾಡ ಕಳಚಿ ಒಂದು ಕಡೆ ತೇಲಿತು, ಮೇಷ್ಟ್ರ ಬೋಳುತಲೆ ಇನ್ನೊಂದು ಕಡೆ ಎದ್ದಿತು.

ಆಚೆ ಕಡೆ ಬಟ್ಟೆ ಒಗೆಯುವ ಸದ್ದು ನಿಂತಿತು. "ಅಯ್ಯಯ್ಯೋ, ನಮ್ಮ ಹುಡುಗ್ರ ಮೇಷ್ಟ್ರು ಕಣ್ರೇ" ಅಂತ ಒಬ್ಬಾಕೆ ಕೂಗಿದ್ದೇ ತಡ, ಎಲ್ಲರೂ ಓಡಿಬಂದರು. ಇಬ್ಬರು ನೀರಿಗಿಳಿದು ಮೇಷ್ಟ್ರನ್ನು ಹಿಡಿದುಕೊಂಡರು. ಉಳಿದವರು ಹೀರೋನನ್ನು ಸುತ್ತುವರಿದು ಒದ್ದೆ ಬಟ್ಟೆಯಿಂದ ಬಾರಿಸತೊಡಗಿದರು. "ಹೀರೋ ನಾನು, ಹೀರೋ ಕಣ್ರಮ್ಮ" ಅಂತ ಅವನು ಅಂಗಲಾಚಿದ. "ಯಾರಾದ್ರೆ ನಮಗೇನು" ಅಂತ ಇನ್ನೆರಡು ಬಿತ್ತು. ವಿಡಿಯೋದವನು ಕ್ಯಾಮೆರಾ ನಿಲ್ಲಿಸಲಿಲ್ಲ. ಧಾರೆ ಮುಗಿಯುವ ತನಕ ನಿಲ್ಲಿಸಿ ಅವನಿಗೆ ಅಭ್ಯಾಸವಿರಲಿಲ್ಲ.

ಅವರಲ್ಲಿ ಹಿರಿಯಾಕೆ ಮೇಷ್ಟ್ರ ಹತ್ತಿರ ನಿಂತು ಇಡೀ ಕೆರೆ ಕೇಳುವ ಹಾಗೆ ಕಿರುಚಿದಳು:

"ಪಾಪಿ! ನೀನು ಮನುಷ್ಯನೇನೋ ಪಾಪಿ!"

ಸೊಂಟದ ಮಟ್ಟದ ನೀರಿನಲ್ಲಿ ಮೇಷ್ಟ್ರ ಮುಖ ಅರಳಿತು. ಮೂಗಿನಿಂದ ನೀರು ಸೋರುತ್ತಿದ್ದರೂ ನನ್ನ ಕಡೆ ತಿರುಗಿ ಕೈಬೀಸಿದರು.

"ಕೇಳಿಸ್ತೇನ್ರೀ? ನನಗೆ ಪಾಪಿ ಅಂದ್ರು."

ಹಿರಿಯಾಕೆ ಸೆರಗಿನಿಂದ ಅವರ ತಲೆ ಒರೆಸುತ್ತಾ ಸಮಾಧಾನ ಮಾಡಿದಳು.

"ಛೇ ಛೇ, ನಿಮಗಲ್ಲ ಮೇಷ್ಟ್ರೇ, ಅವ್ನಿಗೆ. ನೀವು ಪಾಪ."