ಎರಡನೇ ಸೋರಿಕೆ

ಗ್ಯಾಸ್ ಕಂಪನಿಯವರಿಗೆ ದೇವರು ಮೂಗನ್ನೇ ಕೊಟ್ಟಿಲ್ಲ ಎಂಬುದು ಉದ್ಯಾವರದ ಲಿಯೋನೆಲ್‌ನ ಖಚಿತ ಅಭಿಪ್ರಾಯ. ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆಯ ವಿರುದ್ಧ ಕೂಗಿ ಕೂಗಿ ಗಂಟಲು ಸವೆಸಿಕೊಂಡ ಹಳೇ ಹೋರಾಟಗಾರ ಆತ. ಈಗ ಅವನ ಗೇಟಿನ ಎದುರೇ, ಮನೆಮನೆಗೆ ಅಡುಗೆ ಅನಿಲ ಒಯ್ಯುವ ಪೈಪಿನ ವಾಲ್ವ್ ಸೋರುತ್ತಿತ್ತು. ಫೋನ್ ಮಾಡಿದರೆ, ಚರಂಡಿಯ ವಾಸನೆ ಇರಬೇಕು ಎಂಬ ಉತ್ತರ.

"ಇದು ಮೀಥೇನ್ ಮಾರಾಯ್ತಿ," ಎಂದು ಹೆಂಡತಿ ಜೆರ್ಟ್ರೂಡಳಿಗೆ ಬೋಧಿಸಿದ. "ಹೊಗೆಯಾದರೆ ಕಣ್ಣಿಗಾದರೂ ಕಾಣುತ್ತದೆ. ಇದು ಕಾಣದ ಹಾಗೆ ಮೇಲೆ ಹೋಗಿ ಇಡೀ ಭೂಮಿಯನ್ನೇ ಬೇಯಿಸುತ್ತದೆ."

"ಮೊದಲು ನನ್ನ ಅನ್ನ ಬೇಯಲಿ," ಎಂದಳು ಆಕೆ.

ಇಷ್ಟು ವರ್ಷ ಹೋರಾಡಿದರೂ ಹೆಂಡತಿಯಿಂದ ಒಂದು ಶಹಬ್ಬಾಸ್ ಸಿಕ್ಕಿರಲಿಲ್ಲ. ಈ ಸಲ ಪಡೆದೇ ತೀರಬೇಕೆಂದು ಛಲ ಬಂತು. ಆನ್‌ಲೈನಿನಲ್ಲಿ ಅಂಗೈಯಗಲದ ಸೋರಿಕೆ ಪತ್ತೆ ಯಂತ್ರ ತರಿಸಿದ. ವಾಲ್ವಿನ ಹತ್ತಿರ ಹಿಡಿದದ್ದೇ ತಡ, ಅದು ಕಾಲಡಿಗೆ ಸಿಕ್ಕ ಕೋಳಿಮರಿಯ ಹಾಗೆ ಕಿರುಚಿತು. ಲಿಯೋನೆಲ್‌ಗೆ ರೋಮಾಂಚನ. (ಮದುವೆಯ ದಿನವೂ ಇಷ್ಟು ಆಗಿರಲಿಲ್ಲವೆಂದು ಜೆರ್ಟ್ರೂಡಳ ಸಾಕ್ಷಿ.) ಓಣಿಯವರನ್ನೆಲ್ಲ ಕಲೆಹಾಕಿ, ಕಂಪನಿಯ ಮೆಕ್ಯಾನಿಕ್ ಅಖಿಲ್ ಬರುವ ತನಕ ರಸ್ತೆಯಲ್ಲೇ ಕುರ್ಚಿ ಹಾಕಿ ಕುಳಿತ.

ಅಖಿಲ್ ಬಂದು ವಾಲ್ವಿಗೆ ಸಾಬೂನು ನೀರು ಸುರಿದ. ಗುಳ್ಳೆಗಳು ಬುಳುಬುಳು ಎದ್ದವು. ಜನ ಚಪ್ಪಾಳೆ ತಟ್ಟಿದರು. ವಾಷರ್ ಬದಲಿಸಿ ನಟ್ಟು ಬಿಗಿದ ಮೇಲೆ ಗುಳ್ಳೆಯೂ ನಿಂತಿತು, ಯಂತ್ರವೂ ಬಾಯಿ ಮುಚ್ಚಿತು. ಬಂಡವಾಳಶಾಹಿ ಮಣ್ಣುಮುಕ್ಕಿತು. ನಿಮ್ಮ ಗಲಾಟೆಯಿಂದ ಉಪಕಾರವೇ ಆಯಿತು ಎಂದು ಜೆರ್ಟ್ರೂಡಳೂ ಎಲ್ಲರೆದುರು ಒಪ್ಪಿ, ಚಹಾ ಮಾಡಲು ಒಳಗೆ ಹೋದಳು.

ಅಲ್ಲಿಗೇ ನಿಲ್ಲಿಸಿದ್ದರೆ ಲಿಯೋನೆಲ್ ಮಹಾತ್ಮನಾಗುತ್ತಿದ್ದ. ಆದರೆ ನೆರೆಮನೆಯ ಫೌಸ್ಟಿನ್ ಕಣ್ಣು ಮಿಟುಕಿಸಿದ. ಕುಡಿತ ಬಿಟ್ಟೆನೆಂದು ಲಿಯೋನೆಲ್ ಹೆಂಡತಿಗೆ ಆಣೆ ಇಟ್ಟಿದ್ದು ನಿಜ. ಆದರೂ ವಿಜಯೋತ್ಸವವನ್ನು ಒಣಗಲು ಬಿಡುವುದುಂಟೇ? ಫೌಸ್ಟಿನನ ಹಿತ್ತಿಲಿಗೆ ಹೋದವನು ಬಾಯಿ ಒರೆಸಿಕೊಂಡು ಬಂದು, ಯಂತ್ರವನ್ನು ಮೈಕಿನಂತೆ ಹಿಡಿದು ವಿಜಯಭಾಷಣಕ್ಕೆ ಬಾಯಿ ತೆರೆದ. ಅದು ಮತ್ತೆ ಕಿರುಚಿತು.

"ಎರಡನೇ ಸೋರಿಕೆ ಉಂಟು," ಎಂದು ಲಿಯೋನೆಲ್ ಘೋಷಿಸಿದ.

ಆತ ಹೋದಲ್ಲೆಲ್ಲ ಯಂತ್ರ ಕಿರುಚಿತು. ಮೀಟರಿನ ಬಳಿ, ಬಾವಿಕಟ್ಟೆಯ ಬಳಿ, ಫಾದರ್ ಮಂತ್ರಿಸಿಕೊಟ್ಟ ಶಿಲುಬೆಯ ಎದುರಿನಲ್ಲೂ. ಲಿಯೋನೆಲ್ ಹಿಗ್ಗಿ ಹೀರೆಕಾಯಿಯಾದ. ಮೂಲ ಸಿಗುವ ತನಕ ಯಾರೂ ಕದಲಕೂಡದೆಂದು ಅಪ್ಪಣೆ ಹೊರಡಿಸಿದ. ಅಖಿಲ್‌ನ ಸಾಬೂನು ನೀರೇ ಮುಗಿಯಿತು.

ಜೆರ್ಟ್ರೂಡ್ ಚಹಾ ಇಳಿಸಿ ಯಂತ್ರ ಇಸಿದುಕೊಂಡಳು. ಅಂಗಳವಿಡೀ ಸುತ್ತಿದಳು, ಸದ್ದಿಲ್ಲ. ಗಂಡನ ಮೀಸೆಯ ಬಳಿ ತಂದಳು, ಕಿರುಚಿತು.

"ಬಾಯಮ್ಮ, ಈ ಅಗ್ಗದ ಯಂತ್ರ ಗ್ಯಾಸಿಗೂ ಕೂಗುತ್ತದೆ, ಶರಾಬಿಗೂ ಕೂಗುತ್ತದೆ," ಎಂದು ಅಖಿಲ್ ನೆಲ ನೋಡುತ್ತ ಹೇಳಿದ.

ಜೆರ್ಟ್ರೂಡ್ ಬೈಯಲಿಲ್ಲ. "ಮೂಲ ಹಿಡಿಯದೆ ಬಿಡಬಾರದು ಅಲ್ವಾ ಮಾರಾಯ್ರೆ," ಎಂದವಳೇ ಯಂತ್ರ ಮುಂದೆ ಹಿಡಿದು ಫೌಸ್ಟಿನನ ಹಿತ್ತಿಲಿಗೆ ನಡೆದಳು. ಇಡೀ ಓಣಿ ಅವಳ ಬೆನ್ನಿಗೆ ಹೊರಟಿತು. ತನ್ನ ಹೋರಾಟದ ಬದುಕಿನಲ್ಲೇ ಮೊದಲ ಬಾರಿಗೆ ಲಿಯೋನೆಲ್ ಮೆರವಣಿಗೆಗೆ ಅಡ್ಡ ನಿಂತು, ತನಿಖೆ ಬೇಡವೆಂದು ಕೈಮುಗಿದ.